ಪುತ್ತೂರು ಬೆಡಿ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರಿನ ಶ್ರೀ ಮಹಾಲಿಂಗೇಶ್ವರ ದೇವಸ್ಥಾನದ ವರ್ಷಾವಧಿ ಜಾತ್ರೆಯಲ್ಲಿ, ಏಪ್ರಿಲ್ 17ರ ರಾತ್ರಿ ಬ್ರಹ್ಮರಥೋತ್ಸವದ ಹೊತ್ತಿಗೆ ನಡೆಯುವ ಸುಡುಮದ್ದು ಸೇವೆಗೆ ‘ಪುತ್ತೂರು ಬೆಡಿ’ ಎಂದು ಹೆಸರು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ “ಈ ಸಲ ಬೆಡಿಗೆ ಹೋಗ್ಲಿಕ್ಕುಂಟಾ?” ಎಂದು ಯಾರಾದರೂ ಕೇಳಿದರೆ ಯಾವ ಊರಿನ ಬೆಡಿ ಎಂದು ಮರುಪ್ರಶ್ನೆ ಬರುವುದಿಲ್ಲ. ಆ ರಾತ್ರಿ ಹಳ್ಳಿಗಳಿಂದ ಬಸ್ಸು, ಜೀಪು, ರಿಕ್ಷಾಗಳಲ್ಲಿ ಜನ ಪೇಟೆಗೆ ಇಳಿಯುತ್ತಾರೆ. ಬರಲಾಗದವರು ತಮ್ಮ ಊರಿನ ಗುಡ್ಡದ ನೆತ್ತಿ ಹತ್ತಿ ಪುತ್ತೂರಿನ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಾರೆ. ಪೇಟೆಯೊಳಗೇ ಇರುವ ದರ್ಬೆಯವರಿಗೆ ಅಷ್ಟು ಶ್ರಮವಿಲ್ಲ. ಮನೆಯ ತಾರಸಿಯೇ ಸಾಕು.

ಜಾತ್ರೆಯ ಹತ್ತು ದಿನ

ಬೆಡಿಯನ್ನು ಜಾತ್ರೆಯಿಂದ ಬಿಡಿಸಿ ನೋಡಿದರೆ ಅದು ಕೇವಲ ಪಟಾಕಿಯಾಗುತ್ತದೆ. ಆದ್ದರಿಂದ ಮೊದಲು ಜಾತ್ರೆಯ ಕ್ರಮವನ್ನು ಹೇಳಬೇಕು. ಏಪ್ರಿಲ್ ಆರಂಭದಲ್ಲಿ ಗೊನೆ ಕಡಿಯುವ ಮುಹೂರ್ತ. 10ರಂದು ಬೆಳಿಗ್ಗೆ ಕೊಡಿ ಏರುತ್ತದೆ, ಅಂದರೆ ಧ್ವಜಾರೋಹಣ. ಕೊಡಿ ಏರಿದ ಮೇಲೆ ಇಳಿಯುವ ತನಕ ಸೀಮೆಯವರು ಊರು ಬಿಟ್ಟು ಹೊರಗೆ ರಾತ್ರಿ ಕಳೆಯಬಾರದೆಂಬ ನಂಬಿಕೆ ಹಳಬರಲ್ಲಿ ಇನ್ನೂ ಗಟ್ಟಿಯಾಗಿದೆ. ಅಲ್ಲಿಂದ ಮುಂದೆ ದಿನಕ್ಕೊಂದು ದಿಕ್ಕಿಗೆ ದೇವರ ಪೇಟೆ ಸವಾರಿ ಹೊರಡುತ್ತದೆ. ದಾರಿಯುದ್ದಕ್ಕೂ ಕಟ್ಟೆಪೂಜೆ. ಮನೆಯೆದುರು ದೀಪ ಹಚ್ಚಿ, ಹಣ್ಣುಕಾಯಿ ಹಿಡಿದು ಕಾಯುವವರ ಬಳಿಗೆ ದೇವರೇ ಬರುವ ದಿನಗಳಿವು. ‘ಹತ್ತೂರ ಒಡೆಯ’ ಎಂದು ಮಹಾಲಿಂಗೇಶ್ವರನನ್ನು ಕರೆಯುವುದು ಸುಮ್ಮನೆ ಬಂದ ಬಿರುದಲ್ಲ. ಆ ಒಡೆತನ ವರ್ಷಕ್ಕೊಮ್ಮೆ ಹೀಗೆ ಕಾಲ್ನಡಿಗೆಯಲ್ಲಿ ಹೊಸತಾಗುತ್ತದೆ.

16ರ ಸಂಜೆ ಬಲ್ನಾಡಿನಿಂದ ದಂಡನಾಯಕ ಮತ್ತು ಉಳ್ಳಾಲ್ತಿ ದೈವಗಳ ಭಂಡಾರ ಬರುತ್ತದೆ. ಉಳ್ಳಾಲ್ತಿಗೆ ಮಲ್ಲಿಗೆ ಪ್ರಿಯ. ಅಂದು ಪುತ್ತೂರಿನ ಹೂವಿನ ಕಟ್ಟೆಗಳಲ್ಲಿ ಮಲ್ಲಿಗೆಯ ಅಟ್ಟೆ ಸಿಕ್ಕವರೇ ಪುಣ್ಯವಂತರು. ಕ್ರಯ ಎಷ್ಟೇ ಏರಿದರೂ ಹೆಂಗಸರು ಚೌಕಾಸಿಗೆ ನಿಲ್ಲುವುದಿಲ್ಲ. ಅದೇ ರಾತ್ರಿ ಪಾಲಕಿ ಉತ್ಸವ, ಕೆರೆ ಆಯನ, ತೆಪ್ಪೋತ್ಸವ. ಈ ಕೆರೆಗೂ ಒಂದು ಐತಿಹ್ಯವಿದೆ: ತೋಡಿದರೂ ನೀರು ಸಿಗದಿದ್ದಾಗ ಕೆರೆಯ ಒಳಗೇ ಬ್ರಾಹ್ಮಣರಿಗೆ ಊಟ ಬಡಿಸಲಾಯಿತು, ಊಟ ಮುಗಿಯುತ್ತಿದ್ದಂತೆ ನೀರು ಉಕ್ಕಿತು, ಎಲೆಯಲ್ಲಿ ಉಳಿದ ಅನ್ನದ ಅಗುಳು ಮುತ್ತಾಯಿತು ಎಂದು. ಮರುದಿನ, 17ರಂದು, ಬೆಳಿಗ್ಗೆ ದರ್ಶನ ಬಲಿ. ರಾತ್ರಿ ಬ್ರಹ್ಮರಥೋತ್ಸವ, ಬೆಡಿ, ಬಂಗಾರ್ ಕಾಯರ್‌ಕಟ್ಟೆಗೆ ಸವಾರಿ, ಬಲ್ನಾಡಿನ ದೈವಗಳಿಗೆ ಬೀಳ್ಕೊಡುಗೆ, ಭೂತಬಲಿ, ಶಯನ.

ಈ ಜಾತ್ರೆ ತಿಥಿ ನೋಡಿ ನಡೆಯುವುದಲ್ಲ. ತುಳುನಾಡಿನದು ಸೌರಮಾನ. ಸುಗ್ಗಿ ತಿಂಗಳು ಮುಗಿದು ಬಿಸು ಹಬ್ಬದೊಂದಿಗೆ ಪಗ್ಗು ತಿಂಗಳು ಹುಟ್ಟುವ ಸಂಧಿಕಾಲದಲ್ಲಿ ಜಾತ್ರೆ ಬೀಳುವುದರಿಂದ ಕ್ಯಾಲೆಂಡರಿನ ತಾರೀಕು ಕದಲುವುದಿಲ್ಲ. ಇದರಿಂದ ಬೆಡಿಗೆ ಒಂದು ಲಾಭವಿದೆ, ಹೆಚ್ಚಿನವರು ಗಮನಿಸದ್ದು: ಪ್ರತಿ ವರ್ಷ ಆಕಾಶ ಬೇರೆ. ಒಂದು ವರ್ಷ ಅಮಾವಾಸ್ಯೆಯ ಆಸುಪಾಸು ಬಂದರೆ ಬಣ್ಣಗಳು ಕಪ್ಪಿನಲ್ಲಿ ಕಡುವಾಗಿ ಮೂಡುತ್ತವೆ. ಇನ್ನೊಂದು ವರ್ಷ ಹುಣ್ಣಿಮೆ ಹತ್ತಿರವಿದ್ದರೆ ಅದೇ ಮದ್ದು ಮಸುಕಾಗಿ ಕಾಣುತ್ತದೆ, ಆದರೆ ಹೊಗೆಯ ಸುರುಳಿಗಳು ಬೆಳ್ಳಗೆ ಎದ್ದು ತೋರುತ್ತವೆ. ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಹಿಂದಿನ ರಾತ್ರಿ ಪಂಚಮಿ ರಥೋತ್ಸವಕ್ಕೆ ಬಿಡುವ ಸುಡುಮದ್ದಿಗೆ ಈ ವೈವಿಧ್ಯವಿಲ್ಲ. ಅಲ್ಲಿ ಯಾವ ವರ್ಷವಾದರೂ ಐದನೇ ದಿನದ ಚಂದ್ರನೇ.

ಆನೆಯಿಲ್ಲದ ಉತ್ಸವ

ಕೇರಳದ ಪೂರಂಗಳನ್ನು ನೋಡಿ ಬಂದವರು ಪುತ್ತೂರಿನಲ್ಲಿ ಮೊದಲು ಹುಡುಕುವುದು ಆನೆಯನ್ನು. ಇಲ್ಲಿ ಆನೆ ಇಲ್ಲ. ಹಿಂದೆ ಅರಸನೊಬ್ಬ ಶಿವಲಿಂಗವನ್ನು ಕೀಳಿಸಲು ಆನೆ ಕಟ್ಟಿ ಎಳೆಸಿದಾಗ ಲಿಂಗ ಮಹಾಲಿಂಗವಾಗಿ ಬೆಳೆಯಿತು, ಆನೆಯೇ ಛಿದ್ರವಾಗಿ ಅದರ ಅಂಗಗಳು ಒಂದೊಂದು ಕಡೆ ಬಿದ್ದವು ಎಂಬುದು ಸ್ಥಳಪುರಾಣ. ಕೊಂಬು ಬಿದ್ದದ್ದು ಕೊಂಬೆಟ್ಟಿನಲ್ಲಿ ಎನ್ನುತ್ತಾರೆ. ಅಂದಿನಿಂದ ಈ ಕ್ಷೇತ್ರಕ್ಕೆ ಆನೆ ಬರುವಂತಿಲ್ಲ ಎಂಬ ಕಟ್ಟುಪಾಡು. ದೇವರ ಉತ್ಸವಮೂರ್ತಿಯನ್ನು ಬ್ರಹ್ಮವಾಹಕರೇ ತಲೆಯ ಮೇಲೆ ಹೊತ್ತು ಉಡಿಕೆ ಸುತ್ತು, ಚೆಂಡೆ ಸುತ್ತು, ಸರ್ವವಾದ್ಯ ಸುತ್ತು ಬರುತ್ತಾರೆ. ಬೆಡಿಯ ಮಟ್ಟಿಗೆ ಇದು ದೊಡ್ಡ ನೆಮ್ಮದಿ. ಮದ್ದಿನ ಸದ್ದಿಗೆ ಬೆದರಿ ಓಡಬಹುದಾದ ಮೂಕ ಪ್ರಾಣಿ ಆ ಜನಸಂದಣಿಯಲ್ಲಿ ಇಲ್ಲ.

ಬೆಡಿಯ ರಾತ್ರಿ

ದೇವಸ್ಥಾನದ ಎದುರು ಹರಡಿಕೊಂಡಿರುವ ದೇವರಮಾರು ಗದ್ದೆ ಪುತ್ತೂರಿನ ದೊಡ್ಡ ಅಂಗಳ. ಜನವರಿಯ ಕೋಟಿ-ಚೆನ್ನಯ ಜೋಡುಕರೆ ಕಂಬಳದಲ್ಲಿ ಕೋಣಗಳು ಓಡುವುದೂ ಈ ವಠಾರದಲ್ಲೇ. ಜಾತ್ರೆಯ ದಿನಗಳಲ್ಲಿ ಇಲ್ಲಿ ಸಂತೆ ಕೂಡುತ್ತದೆ: ಬಳೆ, ಪೀಪಿ, ಪ್ಲಾಸ್ಟಿಕ್ ಆಟಿಕೆ, ಚರುಮುರಿ, ಕಲ್ಲಂಗಡಿ, ಐಸ್‌ಕ್ಯಾಂಡಿ, ಯಾಂತ್ರಿಕ ತೊಟ್ಟಿಲು. 17ರ ಸಂಜೆಯಾಗುತ್ತಿದ್ದಂತೆ ಗದ್ದೆ ತುಂಬುತ್ತದೆ. ಮಕ್ಕಳು ಅಪ್ಪಂದಿರ ಹೆಗಲೇರುತ್ತವೆ. ಅಜ್ಜಿಯಂದಿರಿಗೆ ಅಂಗಡಿ ಜಗಲಿಯಲ್ಲಿ ಜಾಗ ಮಾಡಿಕೊಡುತ್ತಾರೆ. ದೇವರು ರಥಾರೋಹಣ ಮಾಡಿ, ರಥದ ಗೂಡು ದೀಪಗಳಲ್ಲಿ ತೊಳಗುತ್ತಿರುವಾಗ ಮೊದಲ ಗರ್ನಾಲು ಸಿಡಿಯುತ್ತದೆ. ಎದೆಗೂಡಿಗೆ ಬಡಿಯುವ ಸದ್ದು ಅದು. ಕೆಲವು ಕ್ಷಣ ಇಡೀ ಗದ್ದೆ ಮಾತು ನಿಲ್ಲಿಸುತ್ತದೆ.

ಆಮೇಲೆ ಬಣ್ಣ. ದುರುಸುಗಳು ಸೀಳಿಕೊಂಡು ಮೇಲೇರುತ್ತವೆ, ಆಕಾಶದಲ್ಲಿ ಒಡೆಯುವ ಗುಂಡುಗಳು ಕೆಂಪು, ಹಸಿರು, ಹೊನ್ನಿನ ಹೂಗಳಾಗಿ ಬಿರಿಯುತ್ತವೆ, ಕೆಲವು ಜೋಲುಬಿದ್ದು ನಿಧಾನಕ್ಕೆ ಇಳಿಯುತ್ತವೆ. ನೆಲಮಟ್ಟದಲ್ಲಿ ಮಾಲೆಪಟಾಕಿಯ ಉದ್ದನೆಯ ಓಟ. ಏಪ್ರಿಲ್ ಹವೆ ಭಾರ, ಗಾಳಿ ಕಡಿಮೆ. ಹೊಗೆ ಬೇಗ ಕದಲುವುದಿಲ್ಲ. ಒಂದು ಹೂವಿನ ಹೊಗೆ ಸರಿಯುವ ಮುಂಚೆ ಇನ್ನೊಂದನ್ನು ಬಿಟ್ಟರೆ ಎರಡನೆಯದು ಮಬ್ಬಾಗುತ್ತದೆ. ಪಳಗಿದ ಕೈಯವರು ಹೊಗೆ ಹೋಗುವ ದಿಕ್ಕು ನೋಡಿ ತಡೆದು ತಡೆದು ಬೆಂಕಿ ಕೊಡುತ್ತಾರೆ. ಆ ಬಿಡುವೇ ಕಲೆಗಾರಿಕೆ. ಎಲ್ಲವನ್ನೂ ಒಟ್ಟಿಗೆ ಹಚ್ಚುವುದು ದುಡ್ಡಿದ್ದವರಿಗೆಲ್ಲ ಬರುತ್ತದೆ. ಮಳೆಯ ಭಯವೂ ಇದ್ದದ್ದೇ. ಬಿಸು ಕಳೆದ ಮೇಲೆ ಸಂಜೆಯ ಗುಡುಗು ಮಳೆ ಯಾವ ದಿನ ಬೇಕಾದರೂ ಬರಬಹುದಾದ್ದರಿಂದ ಮಧ್ಯಾಹ್ನದಿಂದಲೇ ಎಲ್ಲರ ಕಣ್ಣು ಮೋಡದ ಮೇಲೆ.

ದರ್ಬೆಯಿಂದ ಕಂಡಂತೆ

ದರ್ಬೆ ಪುತ್ತೂರು ಪೇಟೆಯ ಇನ್ನೊಂದು ತುದಿ. ಮಾಣಿ-ಮೈಸೂರು ಹೆದ್ದಾರಿ ಸುಳ್ಯದ ಕಡೆಗೆ, ಸವಣೂರು-ಕಾಣಿಯೂರು-ಸುಬ್ರಹ್ಮಣ್ಯದ ರಸ್ತೆ ಕಡಬದ ಸೀಮೆಯ ಕಡೆಗೆ ಕವಲೊಡೆಯುವುದು ಇಲ್ಲೇ. 1958ರಲ್ಲಿ ಆರಂಭವಾದ ಸಂತ ಫಿಲೋಮಿನಾ ಕಾಲೇಜು ಇಲ್ಲಿದೆ. ಪಕ್ಕದ ಕೆಮ್ಮಿಂಜೆಯಲ್ಲಿ 1986ರಿಂದ ನಡೆಯುತ್ತಿರುವ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆಯಿದೆ. ಸುಳ್ಯ, ಕಡಬ ತಾಲೂಕುಗಳ ಜನ ಬೆಡಿಗೆ ಬರುವ ಹೆಬ್ಬಾಗಿಲು ಎಂದರೆ ದರ್ಬೆ ವೃತ್ತವೇ. ಅಂದು ಸಂಜೆ ಸುಳ್ಯ ಮತ್ತು ಸವಣೂರಿನ ಕಡೆಯಿಂದ ಬರುವ ವಾಹನಗಳು ಇಲ್ಲಿಯೇ ಸಾಲುಗಟ್ಟುತ್ತವೆ. ಅನೇಕರು ಇಲ್ಲೇ ಇಳಿದು ಪೇಟೆಯ ಉದ್ದಕ್ಕೂ ನಡೆದುಕೊಂಡು ಹೋಗುತ್ತಾರೆ.

ಇಲ್ಲಿನ ತಾರಸಿಯಲ್ಲಿ ನಿಂತವರಿಗೆ ಕಾಣುವ ಬೆಡಿಯೇ ಬೇರೆ. ಮೊದಲು ಹೂವು ಮಾತ್ರ, ಸದ್ದಿಲ್ಲದೆ ಅರಳುತ್ತದೆ. ನಾಲ್ಕೈದು ಎಣಿಸುವಷ್ಟರಲ್ಲಿ ಸದ್ದು ಬಂದು ಮುಟ್ಟುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ, ಅಂದರೆ ಒಂದು ಕಿಲೋಮೀಟರಿಗೆ ಮೂರು ಸೆಕೆಂಡು. ಬೆಳಕು ಕಂಡು ಸದ್ದು ಕೇಳುವ ತನಕ ಎಣಿಸಿ ಮೂರರಿಂದ ಭಾಗಿಸಿದರೆ ಗದ್ದೆ ಎಷ್ಟು ದೂರವೆಂದು ಶಾಲೆಯ ಮಗುವೂ ಹೇಳಬಹುದು. ಪುತ್ತೂರು ಬೀರಮಲೆಯಂಥ ಗುಡ್ಡಗಳ ನಡುವಿನ ಊರು. ಒಂದು ಗರ್ನಾಲಿನ ಸದ್ದು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಗುಡ್ಡಕ್ಕೆ ತಗಲಿ ಹಿಂದಿರುಗುತ್ತದೆ, ಕಣಿವೆಯ ತೋಟಗಳಲ್ಲಿ ಉರುಳುತ್ತದೆ. ಪುತ್ತೂರು ಬೆಡಿಯ ಕೀರ್ತಿ ಹಬ್ಬಿದ್ದು ಕಣ್ಣಿನಿಂದ ಅಷ್ಟಾಗಿ ಅಲ್ಲ, ಕಿವಿಯಿಂದ ಎಂಬುದು ಈ ಲೇಖಕನ ಎಣಿಕೆ. ವಿದ್ಯುತ್ ದೀಪ, ಧ್ವನಿವರ್ಧಕ, ವಾಹನಗಳ ಗದ್ದಲ ಇಲ್ಲದ ಕಾಲದಲ್ಲಿ ಆ ಸದ್ದು ತಲುಪಿದಷ್ಟು ದೂರವೂ ದೇವರು ರಥ ಏರಿದ ಸುದ್ದಿ ತಲುಪುತ್ತಿತ್ತು. ಮನೆಯಲ್ಲೇ ಉಳಿದ ಮುದುಕರು, ಬಾಣಂತಿಯರು ಕೈಮುಗಿಯುತ್ತಿದ್ದುದು ಆ ಸದ್ದಿಗೆ.

ಮದ್ದಿನ ಒಳಗೆ

ಬೆಡಿಯ ಬುಡದಲ್ಲಿರುವುದು ಕರಿಮದ್ದು: ಪೆಟ್ಲುಪ್ಪು ಮುಕ್ಕಾಲು ಪಾಲು, ಉಳಿದ ಕಾಲು ಪಾಲಿನಲ್ಲಿ ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪು ಆಮ್ಲಜನಕ ಕೊಡುತ್ತದೆ, ಇದ್ದಿಲು ಉರಿಯುತ್ತದೆ, ಗಂಧಕ ಬೇಗ ಹೊತ್ತಿಕೊಳ್ಳುವಂತೆ ಮಾಡುತ್ತದೆ. ಕಬ್ಬಿಣದ ಚಿಕ್ಕ ಕುಳಿಯಲ್ಲಿ ಇದನ್ನು ಜಡಿದು ಬೆಂಕಿ ಕೊಟ್ಟರೆ ಕದಿನ. ಹಗಲಿನ ಬಲಿಗೂ, ದೇವರು ಹೊರಡುವ ಸೂಚನೆಗೂ ಹಾರಿಸುವುದು ಇದನ್ನೇ. ಆಕಾಶದಲ್ಲಿ ಅರಳುವ ಗುಂಡಿನದು ಇನ್ನೊಂದು ಬಗೆ. ನೆಲದಲ್ಲಿ ನೆಟ್ಟಗೆ ಹುಗಿದ ಕೊಳವೆಯ ತಳದಲ್ಲಿ ಎತ್ತುವ ಮದ್ದು. ಅದರ ಮೇಲೆ ಕಾಗದದಲ್ಲಿ ಬಿಗಿದ ಗುಂಡು. ಗುಂಡಿನ ಒಳಗೆ ಬಣ್ಣದ ಉಂಡೆಗಳು, ನಡುವೆ ಒಡೆಯುವ ಮದ್ದು. ತಳದ ಮದ್ದು ಗುಂಡನ್ನು ಎಸೆಯುವಾಗಲೇ ಅದರ ಬತ್ತಿಗೂ ಕಿಡಿ ತಾಗುತ್ತದೆ. ಗುಂಡು ಏರಿ, ಇನ್ನು ಏರಲಾರದೆ ನಿಲ್ಲುವ ಗಳಿಗೆಗೆ ಬತ್ತಿ ಉರಿದು ಮುಗಿಯಬೇಕು. ಬತ್ತಿಯ ಉದ್ದ ಒಂದಿಷ್ಟು ತಪ್ಪಿದರೂ ಹೂವು ಓರೆಯಾಗುತ್ತದೆ, ತೀರ ತಪ್ಪಿದರೆ ಗುಂಡು ಜನರ ಕಡೆಗೆ ಇಳಿದು ಒಡೆಯುತ್ತದೆ. ಬಣ್ಣ ಬರುವುದು ಲೋಹಗಳಿಂದ, ಅವುಗಳ ಲವಣಗಳಿಂದ. ಸ್ಟ್ರಾಂಷಿಯಂ ಕೆಂಪು, ಬೇರಿಯಂ ಹಸಿರು, ಸೋಡಿಯಂ ಹಳದಿ, ತಾಮ್ರ ನೀಲಿ, ಅಲ್ಯೂಮಿನಿಯಂ ಬೆಳ್ಳಿ. ನೀಲಿ ಎಲ್ಲಕ್ಕಿಂತ ಕಷ್ಟ. ಬಿಸಿ ಹೆಚ್ಚಾದರೆ ತಾಮ್ರದ ಬಣ್ಣ ಕೆಡುತ್ತದೆ. ಒಳ್ಳೆಯ ನೀಲಿ ಕಂಡರೆ ಒಳ್ಳೆಯ ಕೈಯಿದೆ ಎಂದು ತಿಳಿಯಬೇಕು.

ಹಿಂದಿನ ಹೆಜ್ಜೆಗಳು

ಕನ್ನಡ ನಾಡಿನಲ್ಲಿ ಉತ್ಸವಕ್ಕೆ ಮದ್ದು ಸುಡುವ ಪದ್ಧತಿಗೆ ಆರು ಶತಮಾನಗಳಷ್ಟು ಹಳೆಯ ಲಿಖಿತ ಸಾಕ್ಷಿಯಿದೆ. ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದು, ತುಳುನಾಡನ್ನು ಹಾದು ವಿಜಯನಗರ ಸೇರಿದ. ಇಮ್ಮಡಿ ದೇವರಾಯನ ಮಹಾನವಮಿಯಲ್ಲಿ ಕಂಡ ಬಾಣಬಿರುಸುಗಳ ಬಗೆಗಳನ್ನೆಲ್ಲ ಹೇಳಿ ಮುಗಿಸಲಾಗದು ಎಂಬರ್ಥದಲ್ಲಿ ಬರೆದಿಟ್ಟ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನೂ ಅದೇ ಹಬ್ಬದ ಮದ್ದಿನಾಟವನ್ನು ವರ್ಣಿಸಿದ್ದಾನೆ. ಈ ಉಲ್ಲೇಖಗಳನ್ನೆಲ್ಲ ಒಟ್ಟುಮಾಡಿ ಭಾರತದ ಸುಡುಮದ್ದಿನ ಚರಿತ್ರೆ ಬರೆದವರು ಪುಣೆಯ ವಿದ್ವಾಂಸ ಪಿ. ಕೆ. ಗೋಡೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಇದೇ ವಿದ್ಯೆ ಯುದ್ಧಕ್ಕೆ ತಿರುಗಿ ಕಬ್ಬಿಣದ ಕೊಳವೆಯ ರಾಕೆಟ್ ಆಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಅಂಥ ಸಾವಿರ ರಾಕೆಟ್‌ಗಳು ಸಿಕ್ಕವು. 1763ರಿಂದ 1799ರವರೆಗೆ ಪುತ್ತೂರಿನ ಸೀಮೆಯೂ ಮೈಸೂರಿನ ಆಳ್ವಿಕೆಗೆ ಸೇರಿತ್ತು.

ಬಂದರಿನ ಬೆಡಿಗಳು: ಕುಂಬಳೆ, ಹಕೊದಾತೆ

ಪುತ್ತೂರಿನದಕ್ಕೆ ಸರಿಸಾಟಿಯೆಂದು ಜನ ಹೇಳುವ ಇನ್ನೊಂದು ಹೆಸರು ಕುಂಬಳೆ ಬೆಡಿ. ಕಾಸರಗೋಡಿನ ಕುಂಬಳೆ ಒಂದು ಕಾಲದ ರಾಜಧಾನಿ, ಬಂದರು. ಹದಿನಾರನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ಇಲ್ಲಿಂದ ಮಾಲ್ಡೀವ್ಸಿಗೆ ಅಕ್ಕಿ ಹೋಗುತ್ತಿದ್ದುದನ್ನು, ಅಲ್ಲಿಂದ ತೆಂಗಿನ ನಾರು ಬರುತ್ತಿದ್ದುದನ್ನು ದಾಖಲಿಸಿದ್ದಾನೆ. ಅಡೂರು, ಮಧೂರು, ಕಾವು, ಕಣಿಯಾರ ಎಂದು ಒಂದೇ ಉಸಿರಿಗೆ ಹೇಳುವ ಕುಂಬಳೆ ಸೀಮೆಯ ನಾಲ್ಕು ದೇವಸ್ಥಾನಗಳಲ್ಲಿ ಕಣಿಯಾರ ಎಂದರೆ ಕುಂಬಳೆ ಪೇಟೆಯ ಕಣಿಪುರ ಗೋಪಾಲಕೃಷ್ಣ ದೇವಸ್ಥಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿದು. ಮಕರ ಸಂಕ್ರಮಣದ ಹೊತ್ತಿಗೆ ಜನವರಿಯ ನಡುವೆ ಇಲ್ಲಿ ಜಾತ್ರೆ, ಬೆಡಿ. ಇಲ್ಲಿ ಕಡಲತೀರದ ಗಾಳಿ ಹೊಗೆಯನ್ನು ಬೇಗ ಒಯ್ಯುತ್ತದೆ. ಆಕಾಶ ತೊಳೆದಂತಿರುತ್ತದೆ. ಸುತ್ತ ಎತ್ತರದ ಗುಡ್ಡಗಳಿಲ್ಲದ್ದರಿಂದ ಸದ್ದು ಪುತ್ತೂರಿನಂತೆ ಉರುಳುವುದಿಲ್ಲ.

ಬಂದರಿನ ಬೆಡಿಗೆ ಜಗತ್ತಿನಲ್ಲಿ ಹೆಸರಾದ ದೇಶ ಜಪಾನ್. ಅಲ್ಲಿ ಬೇಸಗೆ ಬಂತೆಂದರೆ ಹನಾಬಿ, ಅಂದರೆ ಸುಡುಮದ್ದು. ಜುಲೈ, ಆಗಸ್ಟ್ ತಿಂಗಳಲ್ಲಿ ಯುಕಾತಾ ಎಂಬ ತೆಳು ನಿಲುವಂಗಿ ತೊಟ್ಟ ಜನ ನೀರಿನ ದಂಡೆಯಲ್ಲಿ ಚಾಪೆ ಹಾಸಿ ಕೂರುತ್ತಾರೆ. ಉತ್ತರದ ಹೊಕ್ಕೈಡೊ ದ್ವೀಪದ ಹಕೊದಾತೆ 1859ರಲ್ಲಿ ವಿದೇಶಿ ವ್ಯಾಪಾರಕ್ಕೆ ತೆರೆದ ಮೊದಲ ಬಂದರುಗಳಲ್ಲಿ ಒಂದು. 1934ರ ಮಾರ್ಚಿನಲ್ಲಿ ಆ ಊರಿಗೆ ಬಿದ್ದ ಬೆಂಕಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಂಗೆಟ್ಟ ಊರಿಗೆ ಧೈರ್ಯ ಬರಲೆಂದು ಮರುವರ್ಷ, 1935ರಲ್ಲಿ, ಬಂದರು ಉತ್ಸವ ಆರಂಭಿಸಿದರು. ಇಂದಿಗೂ ಅದು ಆಗಸ್ಟ್ 1ರ ರಾತ್ರಿ ಬಂದರಿನ ಮೇಲೆ ಸುಡುಮದ್ದು ಹಾರಿಸಿ ಶುರುವಾಗುತ್ತದೆ. ಬೆಂಕಿಯಿಂದ ಬೆಂದ ಊರು ಬೆಂಕಿಯನ್ನೇ ಆಕಾಶಕ್ಕೆ ಬಿಟ್ಟು ಚೇತರಿಸಿಕೊಂಡದ್ದು ಮನಸ್ಸಿಗೆ ನಾಟುವ ಸಂಗತಿ.

ಜಪಾನಿನಲ್ಲಿ ಗುಂಡುಗಳನ್ನು ಅಳತೆಯ ಮೇಲೆ ಗುರುತಿಸುತ್ತಾರೆ. ಒಂದು ಶಾಕು, ಅಂದರೆ ಸುಮಾರು 30 ಸೆಂ.ಮೀ. ವ್ಯಾಸದ ಗುಂಡು 300 ಮೀಟರಿಗೂ ಮೇಲೇರಿ ಹೆಚ್ಚುಕಡಿಮೆ ಅಷ್ಟೇ ಅಗಲಕ್ಕೆ, ಎಲ್ಲ ಕಡೆಯಿಂದಲೂ ದುಂಡಗೆ, ಸೇವಂತಿಗೆಯಂತೆ ಅರಳುತ್ತದೆ. ನಮ್ಮವರು ಕಲಿಯಬೇಕಾದದ್ದು ಅಲ್ಲಿ ಇನ್ನೊಂದಿದೆ. ಹಿಂದಿನ ಎದೋ ಪಟ್ಟಣದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಸುಮಿದಾ ಹೊಳೆಯ ಮೇಲೆ ಮದ್ದು ಬಿಡುತ್ತಿದ್ದ ಎರಡು ಮನೆತನಗಳು ತಾಮಾಯಾ ಮತ್ತು ಕಾಗಿಯಾ. ಒಳ್ಳೆಯ ಹೂವೊಂದು ಅರಳಿದಾಗ ಜನ ಆ ಹೆಸರುಗಳನ್ನು ಕೂಗುತ್ತಿದ್ದರು. ಆ ಕೂಗು ಇಂದೂ ಉಳಿದಿದೆ. ಮಾಡಿದವನ ಹೆಸರು ಹಿಡಿದು ಭಲೇ ಎನ್ನುವ ಪದ್ಧತಿ ಅದು.

ಕಟ್ಟುವ ಕೈಗಳು

ಪುತ್ತೂರಿನಲ್ಲಿ ಚೆಂಡೆಯವನ ಹೆಸರು ಗೊತ್ತು, ಭಾಗವತನ ಹೆಸರು ಗೊತ್ತು, ಹೂವಿನ ಅಲಂಕಾರ ಮಾಡಿದವರ ಹೆಸರೂ ಗೊತ್ತು. ಬೆಡಿ ಕಟ್ಟಿದವನ ಹೆಸರು ಯಾರ ಬಾಯಲ್ಲೂ ಇಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಸೇವಾಕರ್ತರ ಹೆಸರು ಇರುತ್ತದೆ, ಕುಶಲಕರ್ಮಿಯದು ಇರುವುದಿಲ್ಲ. ಇಂಥವರ ಬಗ್ಗೆ ನಾವು ಓದುವುದು ಅವಘಡವಾದ ಮರುದಿನ ಮಾತ್ರ. 2024ರ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ವೇಣೂರು ಬಳಿಯ ಕುಕ್ಕೇಡಿಯಲ್ಲಿ ಸುಡುಮದ್ದು ತಯಾರಿಕಾ ಘಟಕವೊಂದು ಸ್ಫೋಟಗೊಂಡು ಮೂವರು ಕಾರ್ಮಿಕರು ಸತ್ತರು. ಕರಾವಳಿಯ ಜಾತ್ರೆಗಳ ಹಂಗಾಮು ಏರುತ್ತಿದ್ದ ಕಾಲವದು.

ನೋಡಲು ಬಂದವರಿಗೂ ಅಪಾಯ ತಪ್ಪಿದ್ದಲ್ಲ. 2016ರ ಏಪ್ರಿಲ್ 10ರ ನಸುಕಿನಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಸ್ಥಾನದಲ್ಲಿ ಮದ್ದಿನ ದಾಸ್ತಾನು ಸಿಡಿದು ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಪುತ್ತೂರಿನಲ್ಲಿ ಕೊಡಿ ಏರುವ ದಿನವೂ ಅದೇ. 2024ರ ಅಕ್ಟೋಬರ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ತೆಯ್ಯಂ ಕಳಿಯಾಟದಲ್ಲಿ ಅಂಥದ್ದೇ ದುರಂತವಾಗಿ ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಹಲವರು ಸತ್ತರು. ಎರಡೂ ಕಡೆ ಕಾರಣ ಒಂದೇ ಬಗೆಯದು: ಸಿಡಿಸುವ ಜಾಗಕ್ಕೆ ತೀರ ಹತ್ತಿರ ದಾಸ್ತಾನು, ದಾಸ್ತಾನಿಗೆ ತೀರ ಹತ್ತಿರ ಜನ.

ಕಾನೂನು ಇಲ್ಲದಿಲ್ಲ. 1884ರ ಸ್ಫೋಟಕ ಕಾಯ್ದೆ, 2008ರ ಸ್ಫೋಟಕ ನಿಯಮಗಳಂತೆ ತಯಾರಿಗೆ, ದಾಸ್ತಾನಿಗೆ, ಪ್ರದರ್ಶನಕ್ಕೆ ಬೇರೆ ಬೇರೆ ಪರವಾನಿಗೆ ಬೇಕು. ಸಿಡಿಯುವ ಪಟಾಕಿಯ ಸದ್ದು ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದು. 2005ರಲ್ಲಿ ಸುಪ್ರೀಂ ಕೋರ್ಟು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿಯನ್ನು ನಿರ್ಬಂಧಿಸಿತು. ಬೇರಿಯಂ ಲವಣಗಳಿಗೂ ಕೋರ್ಟಿನ ತಡೆ ಬಂದದ್ದರಿಂದ ಹಳೆಯ ಪಚ್ಚೆ ಹಸಿರು ಇನ್ನು ಸುಲಭವಲ್ಲ. ಸದ್ದು ತಗ್ಗಲಿ, ಬಣ್ಣ ಹೆಚ್ಚಲಿ ಎಂಬ ಮಾತು ಪುತ್ತೂರಿನಲ್ಲೂ ಕೇಳಿಬರುತ್ತದೆ. ಆಸ್ಪತ್ರೆಗಳು, ಹಟ್ಟಿಯ ದನಕರುಗಳು, ಮರದಲ್ಲಿ ಗೂಡು ಕಟ್ಟಿದ ಹಕ್ಕಿಗಳು ಇರುವ ಊರಿನಲ್ಲಿ ಆ ಮಾತು ನ್ಯಾಯವಾದದ್ದು. ಆದರೆ ಮೊದಲ ಗರ್ನಾಲನ್ನಾದರೂ ಉಳಿಸಿಕೊಳ್ಳಬೇಕು. ಗುಡ್ಡದಾಚೆ ಕಾಯುವವರಿಗೆ ಸುದ್ದಿ ಮುಟ್ಟಿಸುವುದು ಅದೇ.

ಬೆಡಿಯ ಮರುದಿನ

18ರ ಬೆಳಿಗ್ಗೆ ಬಾಗಿಲು ತೆಗೆಯುವ ಮುಹೂರ್ತ, ತುಲಾಭಾರ. ಸಂಜೆ ದೇವರು ಅವಭೃಥ ಸ್ನಾನಕ್ಕೆ ವೀರಮಂಗಲದ ಕುಮಾರಧಾರಾ ಹೊಳೆಗೆ ಹೊರಡುತ್ತಾರೆ. ಹತ್ತಕ್ಕೂ ಹೆಚ್ಚು ಕಿಲೋಮೀಟರಿನ ಈ ಕಾಲ್ನಡಿಗೆಯ ಸವಾರಿ ಪೇಟೆ ದಾಟಿ, ದರ್ಬೆ ಹಾದು, ನರಿಮೊಗರಿನ ಕಡೆಗೆ ಸಾಗುತ್ತದೆ. ದಾರಿಯ ಕಟ್ಟೆಗಳಲ್ಲೆಲ್ಲ ಪೂಜೆ ಸ್ವೀಕರಿಸುತ್ತ ಹೊಳೆ ಮುಟ್ಟುವಾಗ ಬೆಳಗಾಗುತ್ತದೆ. ಹಿಂದಿನ ರಾತ್ರಿ ತಾರಸಿಯಿಂದ ಬೆಡಿ ನೋಡಿದ ದರ್ಬೆಯವರು ಈ ರಾತ್ರಿ ರಸ್ತೆ ಗುಡಿಸಿ ನೀರು ಹಾಕಿ, ಬಾಳೆಗಿಡ ಕಟ್ಟಿ, ಪಾನಕ-ನೀರುಮಜ್ಜಿಗೆ ಮಾಡಿಟ್ಟು ಕಾಯುತ್ತಾರೆ. 19ರಂದು ಕೊಡಿ ಇಳಿಯುತ್ತದೆ. ಅಂದು ರಾತ್ರಿ ಮತ್ತು 20ರಂದು ರಕ್ತೇಶ್ವರಿ, ಪಂಜುರ್ಲಿ ಮೊದಲಾದ ದೈವಗಳ ನೇಮ.

ಸೀಮೆಯ ಉಳಿದ ಜಾತ್ರೆ, ನೇಮ, ಯಕ್ಷಗಾನ ಮೇಳಗಳ ತಿರುಗಾಟವೆಲ್ಲ ಬೇಶ ತಿಂಗಳ ಹತ್ತರ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ, ನಿಲ್ಲುತ್ತವೆ. ಅಲ್ಲಿಂದ ಮಳೆಗಾಲ ಕಳೆದು ದೀಪಾವಳಿ ಬರುವ ತನಕ ತುಳುನಾಡಿನ ದೇವಸ್ಥಾನಗಳಲ್ಲಿ ಬೆಡಿಯಿಲ್ಲ.